ಮುಖಕ್ಕೆ ಮಾತ್ರವಲ್ಲ ಈ ‘ಮೇಕ್ ಅಪ್’

‘ಮೇಕಪ್’ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಪೌಡರ್, ಲಿಪ್‌ಸ್ಟಿಕ್, ಕಾಡಿಗೆ, ಮದುಮಗಳ ಕೋಣೆಯ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುವ ಬ್ಯೂಟಿಷಿಯನ್. ಈ ಪದವನ್ನು ನಮಗೆ ಯಾರೂ ಕೂತು ಕಲಿಸಿಲ್ಲ. ಅಡುಗೆಮನೆಗೆ ಕುಕ್ಕರ್, ಮಿಕ್ಸಿ ಬಂದ ಹಾಗೆ ಇದೂ ತನ್ನಷ್ಟಕ್ಕೆ ನಮ್ಮ ಮಾತಿನೊಳಗೆ ಬಂದು ಕೂತಿದೆ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ನಿಮ್ಮ ಮಗ ಜ್ವರದಿಂದ ಒಂದು ವಾರ ಶಾಲೆಗೆ ಹೋಗಿಲ್ಲ. ಮತ್ತೆ ಹೋದ ದಿನ ಅವನ ಡೈರಿಯಲ್ಲಿ ಟೀಚರ್ ಒಂದು ಸಾಲು ಬರೆದು ಕಳಿಸಿದ್ದಾರೆ: ‘ಹಿ ಹ್ಯಾಸ್ ಟು ಮೇಕ್ ಅಪ್ ದ ಮಿಸ್ಡ್ ಟೆಸ್ಟ್ ಆನ್ ಸ್ಯಾಟರ್‌ಡೇ.’ ಟೆಸ್ಟ್ ಎಂದರೆ ಪರೀಕ್ಷೆ, ಸ್ಯಾಟರ್‌ಡೇ ಎಂದರೆ ಶನಿವಾರ ಎಂದು ನಿಮಗೆ ಗೊತ್ತು. ಆದರೆ ನಡುವೆ ಈ ಮೇಕಪ್ ಎಲ್ಲಿಂದ ಬಂತು? ಪೌಡರಿಗೂ ಪರೀಕ್ಷೆಗೂ ಏನು ಸಂಬಂಧ? ಮಗನನ್ನೇ ಕೇಳಿದರೆ, “ನಿಮಗೆ ಗೊತ್ತಾಗಲ್ಲ ಬಿಡಿ ಅಮ್ಮೀ” ಎಂದು ಆಟಕ್ಕೆ ಓಡುತ್ತಾನೆ. ಶನಿವಾರ ಪರೀಕ್ಷೆ ಇದೆ ಎಂಬ ಸಂಗತಿ ಡೈರಿಯಲ್ಲೇ ಉಳಿಯುತ್ತದೆ.

ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ತಾವು ಕನ್ನಡದಲ್ಲೋ ಉರ್ದುವಿನಲ್ಲೋ ಏಳನೆಯ ತರಗತಿಯವರೆಗೆ ಓದಿದ ಅನೇಕ ತಾಯಂದಿರು ನಮ್ಮ ಮನೆಗಳಲ್ಲಿದ್ದಾರೆ. ಡೈರಿಯ ಒಂದು ಸಾಲು ಅರ್ಥವಾಗದೆ ಹೋದಾಗ ಅವರು ಕಳೆದುಕೊಳ್ಳುವುದು ಆ ಸಾಲನ್ನು ಮಾತ್ರವಲ್ಲ. ಮಗುವಿನ ಓದಿನ ಮೇಲೆ ತಾಯಿಗಿರುವ ಹಿಡಿತವೂ ಅದರೊಂದಿಗೆ ಸ್ವಲ್ಪ ಸಡಿಲವಾಗುತ್ತದೆ. ಆದ್ದರಿಂದ ಬನ್ನಿ, ಈ ಒಂದು ‘ಮೇಕ್ ಅಪ್’ ಅನ್ನು ಇಂದು ಸರಿಯಾಗಿ ಅರ್ಥ ಮಾಡಿಕೊಳ್ಳೋಣ. ಇದೊಂದನ್ನು ಹಿಡಿದುಕೊಂಡರೆ ಇಂಥ ನೂರಾರು ಪದಗಳನ್ನು ಹೇಗೆ ಹಿಡಿಯಬೇಕೆಂಬ ದಾರಿಯೂ ಸಿಗುತ್ತದೆ.

ಎರಡು ಪದ, ಒಂದೇ ಅರ್ಥ

ಇಂಗ್ಲಿಷಿನಲ್ಲಿ ‘ಮೇಕ್’ ಎಂದರೆ ಮಾಡು, ‘ಅಪ್’ ಎಂದರೆ ಮೇಲೆ. ಆದರೆ ‘ಮೇಕ್ ಅಪ್’ ಎಂದರೆ ‘ಮೇಲೆ ಮಾಡು’ ಎಂದಲ್ಲ. ಎರಡೂ ಸೇರಿದಾಗ ಬೇರೆಯೇ ಅರ್ಥ ಹುಟ್ಟುತ್ತದೆ. ಇಂಥ ಜೋಡಿಗಳನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಫ್ರೇಸಲ್ ವರ್ಬ್ ಎನ್ನುತ್ತಾರೆ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕರು 1925ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಹೆಸರು ಬಳಕೆಗೆ ಬಂತು. ಅದಕ್ಕೂ ಬಹಳ ಹಿಂದೆಯೇ, 1755ರಲ್ಲಿ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ರಚಿಸಿದ ಸ್ಯಾಮ್ಯುಯೆಲ್ ಜಾನ್ಸನ್, ತಮ್ಮ ಭಾಷೆಯನ್ನು ಕಲಿಯುವ ಹೊರಗಿನವರಿಗೆ ಅತ್ಯಂತ ಕಷ್ಟ ಕೊಡುವುದು ಈ ಜೋಡಿಪದಗಳೇ ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದರು. ಆದ್ದರಿಂದ ನಿಮಗೆ ಇವು ಕಷ್ಟವೆನಿಸಿದರೆ ಸಂಕೋಚಪಡಬೇಕಾಗಿಲ್ಲ.

ಹಾಗೆಂದು ಹೆದರುವುದೂ ಬೇಡ. ನಮ್ಮ ಕನ್ನಡದಲ್ಲೂ ಇಂಥದ್ದು ಬೇಕಾದಷ್ಟಿದೆ. ‘ಕೈ’ ಎಂಬ ಪದವನ್ನೇ ನೋಡಿ. ಕೈಹಿಡಿದ ಎಂದರೆ ಮದುವೆಯಾದ ಅಥವಾ ನೆರವಾದ. ಕೈಬಿಟ್ಟ ಎಂದರೆ ತೊರೆದ. ಕೈಕೊಟ್ಟ ಎಂದರೆ ನಡುನೀರಿನಲ್ಲಿ ಮೋಸ ಮಾಡಿದ. ಕೈಗೂಡಿತು ಎಂದರೆ ನೆರವೇರಿತು. ಕನ್ನಡ ಕಲಿಯಲು ಬಂದ ಹೊರಗಿನವರು ‘ಕೈಕೊಟ್ಟ’ ಎಂಬುದನ್ನು ಕೇಳಿ ಯಾರೋ ಸಹಾಯಕ್ಕೆ ಕೈ ಚಾಚಿದರು ಎಂದುಕೊಳ್ಳುವುದಿಲ್ಲವೇ? ಇಂಗ್ಲಿಷಿನ ಮುಂದೆ ನಮ್ಮ ಸ್ಥಿತಿಯೂ ಅಷ್ಟೇ. ಬಿಡಿ ಪದಗಳ ಅರ್ಥ ಕೂಡಿಸಿ ನೋಡುವುದನ್ನು ಬಿಟ್ಟು, ಇಡೀ ವಾಕ್ಯವನ್ನೂ ಸಂದರ್ಭವನ್ನೂ ನೋಡುವುದು ಇದಕ್ಕಿರುವ ದಾರಿ.

ಅಲಂಕಾರ

ನಮಗೆ ಗೊತ್ತಿರುವ ಅರ್ಥದಿಂದಲೇ ಆರಂಭಿಸೋಣ. ನಾಟಕ, ಸಿನಿಮಾದವರು ಮುಖಕ್ಕೆ ಬಣ್ಣ ಹಚ್ಚಿ ಪಾತ್ರಕ್ಕೆ ಸಿದ್ಧವಾಗುವುದಕ್ಕೆ ‘ಮೇಕ್ ಅಪ್’ ಎನ್ನುತ್ತಿದ್ದರು. ಹಾಲಿವುಡ್‌ನಲ್ಲಿ ನಟನಟಿಯರಿಗೆ ಬಣ್ಣ ತಯಾರಿಸುತ್ತಿದ್ದ ಮ್ಯಾಕ್ಸ್ ಫ್ಯಾಕ್ಟರ್ ಎಂಬಾತ 1914ರಲ್ಲಿ ಸಿನಿಮಾಕ್ಕೆಂದೇ ಹೊಸ ಬಗೆಯ ಮುಖದ ಬಣ್ಣವನ್ನು ಸಿದ್ಧಪಡಿಸಿದ. ಮುಂದೆ ಸಾಮಾನ್ಯ ಮಹಿಳೆಯರಿಗೆ ಮಾರುವ ಸಾಮಗ್ರಿಗೂ ಅದೇ ಹೆಸರಿಟ್ಟ. ರಂಗಮಂದಿರದ ಪದ ಮನೆಮನೆಯ ಪದವಾಯಿತು. ಭಾರತದಲ್ಲಿ 1952ರಲ್ಲಿ ಲ್ಯಾಕ್ಮೆ ಕಂಪೆನಿ ಆರಂಭವಾದ ಮೇಲೆ ಇಂಥ ವಸ್ತುಗಳು ಇಲ್ಲಿಯೇ ತಯಾರಾಗತೊಡಗಿದವು.

ಉರ್ದು, ದಖನಿ ಮಾತನಾಡುವ ಸೋದರಿಯರಿಗೆ ಈ ಪದ ಇನ್ನೂ ಸುಲಭ. ‘ಬನಾವ್ ಸಿಂಗಾರ್’ ಎನ್ನುತ್ತೀರಲ್ಲ, ಅದರಲ್ಲಿರುವ ‘ಬನಾನಾ’ ಮತ್ತು ಇಂಗ್ಲಿಷಿನ ‘ಮೇಕ್’ ಎರಡರ ಅರ್ಥವೂ ಒಂದೇ: ಮಾಡು, ರಚಿಸು.

ಅಲಂಕಾರ ಮಾಡಿಕೊಳ್ಳುವುದನ್ನು ಇಸ್ಲಾಮ್ ನಿಷೇಧಿಸಿಲ್ಲ. ಅದಕ್ಕೊಂದು ಮೇರೆಯನ್ನು ಮಾತ್ರ ಹಾಕಿದೆ. ಮದರಂಗಿ, ಸುರ್ಮಾ ನಮ್ಮ ಮನೆಗಳಲ್ಲಿ ಹೊಸತಲ್ಲ. ಉಗುರಿಗೆ ಹಚ್ಚುವ ಪಾಲಿಶ್ ನೀರು ತಲುಪದಂತೆ ತಡೆಯುವುದರಿಂದ ವುಝೂಗೆ ಮೊದಲು ಅದನ್ನು ತೆಗೆಯಬೇಕೆಂಬುದು ನಿಮಗೆ ಗೊತ್ತೇ ಇದೆ. ಈ ಅರ್ಥದ ಬಗ್ಗೆ ಇಷ್ಟು ಸಾಕು. ನಾವು ಮುಂದೆ ಹೋಗಬೇಕಾದುದು ನಮಗೆ ಗೊತ್ತಿಲ್ಲದ ಅರ್ಥಗಳ ಕಡೆಗೆ.

ಕಟ್ಟುಕಥೆ

‘ಹಿ ಮೇಡ್ ಅಪ್ ಎ ಸ್ಟೋರಿ.’ ಇಲ್ಲಿ ಮೇಡ್ ಎಂಬುದು ಮೇಕ್‌ನ ಭೂತಕಾಲ. ಅವನು ಕಥೆ ಕಟ್ಟಿದ ಎಂದರ್ಥ. ನಮ್ಮ ‘ಕಟ್ಟುಕಥೆ’ಯಲ್ಲಿರುವ ‘ಕಟ್ಟು’ ಮತ್ತು ಇಲ್ಲಿನ ‘ಮೇಕ್’ ಎಷ್ಟು ಹತ್ತಿರವಿವೆ ನೋಡಿ. ಉರ್ದುವಿನಲ್ಲೂ ‘ಬಾತೇಂ ಬನಾನಾ’ ಎಂದರೆ ಇಲ್ಲದ್ದನ್ನು ಹೆಣೆದು ಹೇಳುವುದು. ಮೂರು ಭಾಷೆಗಳೂ ಸುಳ್ಳನ್ನು ಮನೆ ಕಟ್ಟಿದ ಹಾಗೆ ಕಟ್ಟುತ್ತವೆ.

ಆದರೆ ಒಂದು ಎಚ್ಚರಿಕೆ ಬೇಕು. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ “ಷಿ ಮೇಕ್ಸ್ ಅಪ್ ಸ್ಟೋರೀಸ್” ಎಂದರೆ ಅದು ದೂರೂ ಆಗಬಹುದು, ಮೆಚ್ಚುಗೆಯೂ ಆಗಬಹುದು. ಹೋಂವರ್ಕ್ ಮಾಡದೆ ನೆಪ ಹೇಳುವ ಹುಡುಗಿಗೂ ಇದೇ ಮಾತು, ತಾನೇ ಕಲ್ಪಿಸಿ ಚೆಂದದ ಕಥೆ ಹೇಳುವ ಹುಡುಗಿಗೂ ಇದೇ ಮಾತು. ಕೇಳಿದ ಕೂಡಲೇ ಮನೆಗೆ ಬಂದು ಮಗಳ ಕಿವಿ ಹಿಂಡಬೇಡಿ. “ಈಸ್ ಇಟ್ ಗುಡ್ ಆರ್ ಬ್ಯಾಡ್, ಟೀಚರ್?” ಎಂದು ಅಲ್ಲಿಯೇ ಕೇಳಿ ತಿಳಿದುಕೊಳ್ಳಿ. ಹೀಗೆ ಕೇಳಿದರೆ ಯಾರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ.

ಕಟ್ಟುಕಥೆಯ ಈ ಅರ್ಥ ದೊಡ್ಡವರಿಗೇ ಹೆಚ್ಚು ಬೇಕು. ಮೊಬೈಲಿಗೆ ಬರುವ ಒಂದು ಸುದ್ದಿಯ ಕೆಳಗೆ ಯಾರಾದರೂ ‘ದಿಸ್ ಈಸ್ ಮೇಡ್ ಅಪ್’ ಎಂದು ಬರೆದಿದ್ದರೆ ಅದು ಸುಳ್ಳು ಸುದ್ದಿ ಎಂದರ್ಥ. ಅದನ್ನು ಮುಂದಕ್ಕೆ ಕಳಿಸಬೇಡಿ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಬಾರದೆಂದು ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದೇ ಒಬ್ಬ ವ್ಯಕ್ತಿಯನ್ನು ಸುಳ್ಳುಗಾರನನ್ನಾಗಿ ಮಾಡಲು ಸಾಕು ಎಂಬ ಆಶಯದ ಹದೀಸ್ ಕೂಡ ಇದೆ. ಪ್ರವಾದಿಯವರ(ಸ) ಹೆಸರಿನಲ್ಲಿಯೇ ಮಾತು ಕಟ್ಟಿದವರು ಇತಿಹಾಸದಲ್ಲಿದ್ದರು. ಅಂಥ ವರದಿಗಳನ್ನು ಬೇರ್ಪಡಿಸಲು ಹದೀಸ್ ವಿದ್ವಾಂಸರು ಜೀವಮಾನವನ್ನೇ ವ್ಯಯಿಸಿದರು. ಅವರು ‘ಮೌಝೂ’ ಎಂದು ಕರೆದುದನ್ನು ಸರಳ ಇಂಗ್ಲಿಷಿನಲ್ಲಿ ‘ಮೇಡ್ ಅಪ್’ ಎನ್ನಬಹುದು.

ಮನಸ್ಸು ಮಾಡುವುದು

‘ಐ ಹ್ಯಾವ್ ಮೇಡ್ ಅಪ್ ಮೈ ಮೈಂಡ್.’ ಮೈಂಡ್ ಎಂದರೆ ಮನಸ್ಸು. ನಾನು ನಿರ್ಧಾರ ಮಾಡಿದ್ದೇನೆ ಎಂದರ್ಥ. ‘ಮನಸ್ಸು ಮಾಡಿದರೆ ಏನು ಬೇಕಾದರೂ ಆಗುತ್ತದೆ’ ಎಂದು ನಾವು ಹೇಳುವುದಿಲ್ಲವೇ? ಕನ್ನಡದಲ್ಲೂ ಮನಸ್ಸನ್ನು ‘ಮಾಡುತ್ತೇವೆ’. ವ್ಯತ್ಯಾಸವೇನೆಂದರೆ ಕನ್ನಡದಲ್ಲಿ ಮನಸ್ಸು ಮಾಡುವುದೆಂದರೆ ಸಾಮಾನ್ಯವಾಗಿ ಒಪ್ಪಿ ಮುಂದಾಗುವುದು. ಇಂಗ್ಲಿಷಿನಲ್ಲಿ ಬೇಡವೆಂದು ನಿರ್ಧರಿಸಿದರೂ ಅದು ‘ಮೇಕ್ ಅಪ್ ಯುವರ್ ಮೈಂಡ್’ ಆಗುತ್ತದೆ.

ಈ ಮಾತಿಗೆ ಇನ್ನೊಂದು ರೂಪವಿದೆ. ‘ದೇ ಮೇಡ್ ಅಪ್ ಹರ್ ಮೈಂಡ್ ಫಾರ್ ಹರ್.’ ಅವಳ ಪರವಾಗಿ ಅವರೇ ನಿರ್ಧಾರ ಮಾಡಿಬಿಟ್ಟರು ಎಂದರ್ಥ. ಸಣ್ಣ ವಾಕ್ಯ, ಆದರೆ ನಮ್ಮ ಎಷ್ಟೋ ಮನೆಗಳ ಕಥೆ ಅದರಲ್ಲಿದೆ. ಮಗಳು ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು, ಬಿ.ಎಡ್. ಮಾಡಬೇಕೋ ಬೇಡವೋ, ಬಂದ ಸಂಬಂಧ ಅವಳಿಗೆ ಒಪ್ಪಿಗೆಯೋ ಇಲ್ಲವೋ ಎಂದು ಅವಳನ್ನು ಕೇಳುವ ಮೊದಲೇ ಹಾಲ್ ಬುಕ್ ಆಗಿರುತ್ತದೆ. ವಿವಾಹಕ್ಕೆ ಹೆಣ್ಣಿನ ಸಮ್ಮತಿ ಕೇಳಬೇಕೆಂದು ಪ್ರವಾದಿ(ಸ) ಸ್ಪಷ್ಟವಾಗಿ ಬೋಧಿಸಿದ್ದಾರೆ. ಕೇಳುವುದೆಂದರೆ ದಿಬ್ಬಣ ಬಂದು ನಿಂತ ಮೇಲೆ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದಲ್ಲ. ಅವಳಿಗೆ ಯೋಚಿಸಲು ಸಮಯ ಕೊಟ್ಟು, ಅವಳು ‘ಮೇಕ್ ಅಪ್ ಹರ್ ಮೈಂಡ್’ ಮಾಡುವ ತನಕ ಕಾಯುವುದು. ಗೊಂದಲವಿದ್ದರೆ ಇಸ್ತಿಖಾರ ನಮಾಝ್ ಇದೆ, ಹಿರಿಯರ ಸಲಹೆ ಇದೆ. ನಿರ್ಧಾರ ಮಾತ್ರ ಅವಳದೇ ಆಗಿರಲಿ.

ಬಾಕಿ ತೀರಿಸುವುದು

ಈಗ ಆ ಶಾಲೆಯ ಡೈರಿಗೆ ಬರೋಣ. ‘ಮೇಕ್ ಅಪ್ ದ ಮಿಸ್ಡ್ ಟೆಸ್ಟ್’ ಎಂದರೆ ತಪ್ಪಿಹೋದ ಪರೀಕ್ಷೆಯನ್ನು ಆಮೇಲೆ ಬರೆದು ಬಾಕಿ ತೀರಿಸು ಎಂದು. ಇಂಜಿನಿಯರಿಂಗ್ ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ‘ಮೇಕಪ್ ಎಕ್ಸಾಮ್’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದೂ ಇದೇ.

ನಮಗೆ ಈ ಅರ್ಥವನ್ನು ನೆನಪಿಡಲು ಒಂದು ಸುಲಭದ ದಾರಿಯಿದೆ. ‘ಕಝಾ’ ಎಂಬ ಪದ ಗೊತ್ತಿಲ್ಲದ ಮುಸ್ಲಿಮ್ ಮಹಿಳೆ ಇಲ್ಲ. ರಮಝಾನಿನಲ್ಲಿ ತಪ್ಪಿಹೋದ ಉಪವಾಸವನ್ನು ಆಮೇಲೆ ಹಿಡಿದು ಲೆಕ್ಕ ಪೂರ್ತಿ ಮಾಡುವುದೇ ಕಝಾ. ಇಂಗ್ಲಿಷಿನ ಇಸ್ಲಾಮೀ ಪುಸ್ತಕಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಸುವ ಪದ ‘ಮೇಕ್ ಅಪ್’. ‘ಷಿ ಮಸ್ಟ್ ಮೇಕ್ ಅಪ್ ದ ಫಾಸ್ಟ್ಸ್ ಷಿ ಮಿಸ್ಡ್’ ಎಂದರೆ ಅವಳು ತಪ್ಪಿಹೋದ ಉಪವಾಸಗಳ ಕಝಾ ಪೂರ್ತಿ ಮಾಡಬೇಕು. ರಮಝಾನಿನ ವಿಷಯ ಓದುತ್ತಿರುವಾಗ ಮೇಕ್ ಅಪ್ ಎಂಬುದನ್ನು ಕಂಡು, ಉಪವಾಸದಲ್ಲಿ ಮುಖಾಲಂಕಾರ ಮಾಡಬಹುದೇ ಎಂಬ ಚರ್ಚೆ ಇರಬೇಕು ಎಂದು ಪುಟ ಮಗುಚಿದರೆ, ನಮಗೆ ತೀರಾ ಅಗತ್ಯವಾದ ಒಂದು ವಿಧಿ ಕೈತಪ್ಪಿ ಹೋಗುತ್ತದೆ.

ರೋಗಿಗಳೂ ಪ್ರಯಾಣಿಕರೂ ಬೇರೆ ದಿನಗಳಲ್ಲಿ ಉಪವಾಸದ ಎಣಿಕೆ ಪೂರ್ತಿ ಮಾಡಬೇಕೆಂದು ಅಲ್ ಬಕರ ಅಧ್ಯಾಯದಲ್ಲಿದೆ. ಮುಟ್ಟಿನ ದಿನಗಳಲ್ಲಿ ತಪ್ಪಿದ ಉಪವಾಸಗಳಿಗೆ ಕಝಾ ಇದೆ, ಆದರೆ ಆ ದಿನಗಳ ನಮಾಝ್‌ಗಳಿಗೆ ಕಝಾ ಇಲ್ಲ ಎಂಬುದು ಆಯಿಶಾ(ರ) ಅವರ ವರದಿಯಿಂದ ನಮಗೆ ತಿಳಿದಿದೆ. ಇದನ್ನೇ ಇಂಗ್ಲಿಷ್ ಪುಸ್ತಕದಲ್ಲಿ ‘ಷಿ ಮೇಕ್ಸ್ ಅಪ್ ದ ಫಾಸ್ಟ್ಸ್, ಬಟ್ ನಾಟ್ ದ ಪ್ರೇಯರ್ಸ್’ ಎಂಬಂತೆ ಬರೆದಿರುತ್ತಾರೆ. ಒಂದು ಸಣ್ಣ ಜೋಡಿಪದ ಅರ್ಥವಾಗದಿದ್ದರೆ ಈ ಇಡೀ ವಾಕ್ಯವೇ ತಲೆಕೆಳಗಾಗುವುದು. ತಮ್ಮ ರಮಝಾನಿನ ಕಝಾವನ್ನು ಪೂರ್ತಿ ಮಾಡಲು ಶಅಬಾನ್ ತಿಂಗಳವರೆಗೂ ಆಗುತ್ತಿರಲಿಲ್ಲ ಎಂದು ಆಯಿಶಾ(ರ) ಹೇಳಿರುವುದು ಮನೆಕೆಲಸದ ನಡುವೆ ಲೆಕ್ಕ ಬಾಕಿ ಉಳಿಸಿಕೊಂಡ ನಮ್ಮಂಥವರಿಗೆ ಸಮಾಧಾನದ ಮಾತು. ಆದರೆ ಮುಂದಿನ ರಮಝಾನ್ ಬರುವುದರೊಳಗೆ ಮುಗಿಸಬೇಕೆಂಬ ಪಾಠವೂ ಅದರಲ್ಲಿದೆ. ಗರ್ಭಿಣಿಯರು, ಮಗುವಿಗೆ ಹಾಲೂಡಿಸುವವರು ತಮ್ಮ ವಿಷಯದಲ್ಲಿರುವ ವಿಧಿಯನ್ನು ಅರಿತವರಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ಮೇಕ್ ಅಪ್’ ಬೇರೆ, ‘ಮೇಕ್ ಅಪ್ ಫಾರ್’ ಬೇರೆ. ತಪ್ಪಿದ ಕೆಲಸವನ್ನೇ ಆಮೇಲೆ ಮಾಡುವುದು ಮೇಕ್ ಅಪ್. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುವುದು, ಅಂದರೆ ಸರಿದೂಗಿಸುವುದು, ‘ಮೇಕ್ ಅಪ್ ಫಾರ್’. ಪರೀಕ್ಷೆ ತಪ್ಪಿದ ಹುಡುಗ ಶನಿವಾರ ಅದೇ ಪರೀಕ್ಷೆ ಬರೆದರೆ ಮೇಕ್ ಅಪ್. ಗಣಿತದಲ್ಲಿ ಕಡಿಮೆ ಬಂದ ಅಂಕವನ್ನು ವಿಜ್ಞಾನದ ಅಂಕ ಸರಿದೂಗಿಸಿದರೆ ‘ಹಿಸ್ ಸೈನ್ಸ್ ಮಾರ್ಕ್ಸ್ ಮೇಡ್ ಅಪ್ ಫಾರ್ ಮ್ಯಾಥ್ಸ್’. ನಮ್ಮ ಮಾತಿನಲ್ಲಿ ಹೇಳುವುದಾದರೆ, ಉಪವಾಸಕ್ಕೆ ಬದಲು ಉಪವಾಸವನ್ನೇ ಹಿಡಿಯುವುದು ಕಝಾ. ಉಪವಾಸ ಹಿಡಿಯಲಾಗದ ವೃದ್ಧರು ಅದರ ಬದಲಿಗೆ ಬಡವರಿಗೆ ಅನ್ನ ನೀಡುವುದು ಫಿದ್ಯಾ. ಮೊದಲನೆಯದು ಮೇಕ್ ಅಪ್, ಎರಡನೆಯದು ಮೇಕ್ ಅಪ್ ಫಾರ್‌ಗೆ ಹತ್ತಿರ. ಎಲ್ಲ ಲೇಖಕರೂ ಈ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ ನಿಜ. ಆದರೆ ನೆನಪಿಡಲು ಇದಕ್ಕಿಂತ ಒಳ್ಳೆಯ ಉಪಾಯ ಸಿಗದು.

ಇದರ ಜೊತೆಗೇ ಸೇರಿದ ಒಂದು ಸುಂದರ ಮಾತು ‘ಐ ವಿಲ್ ಮೇಕ್ ಇಟ್ ಅಪ್ ಟು ಯೂ’. ನಿನಗಾದ ಬೇಸರವನ್ನು ಹೇಗಾದರೂ ನೀಗಿಸುತ್ತೇನೆ ಎಂದರ್ಥ. ಶಾಲೆಯ ವಾರ್ಷಿಕೋತ್ಸವಕ್ಕೆ ಬರಲಾಗದೆ ಹೋದ ತಾಯಿ, ಮುಖ ಊದಿಸಿಕೊಂಡ ಮಗಳಿಗೆ ಹೇಳಬಹುದಾದ ಮಾತಿದು. ಹೇಳಿದ ಮೇಲೆ ನಡೆಸಿಕೊಡಬೇಕು. ಮಕ್ಕಳು ಇಂಥ ಮಾತನ್ನು ಮರೆಯುವುದಿಲ್ಲ.

ಮುನಿಸು ಮುರಿಯುವುದು

‘ದೇ ಫಾಟ್, ಬಟ್ ದೇ ಮೇಡ್ ಅಪ್.’ ಜಗಳವಾಡಿದರು, ಆದರೆ ರಾಜಿಯಾದರು. ಬೆಳಿಗ್ಗೆ ಟೂ ಬಿಟ್ಟ ಮಕ್ಕಳು ಮಧ್ಯಾಹ್ನದ ಊಟದ ಬುತ್ತಿ ಬಿಚ್ಚುವ ಹೊತ್ತಿಗೆ ಒಂದಾಗುವುದು ಮೇಕ್ ಅಪ್. ಯಾರೊಂದಿಗೆ ಎಂದು ಹೇಳಬೇಕಾದರೆ ‘ವಿತ್’ ಸೇರಿಸಬೇಕು: ‘ಷಿ ಮೇಡ್ ಅಪ್ ವಿತ್ ಹರ್ ಸಿಸ್ಟರ್.’

ಮಕ್ಕಳಿಗೆ ಒಂದು ಬುತ್ತಿ ಸಾಕು, ನಮಗೆ ವರ್ಷಗಳೇ ಬೇಕಾಗುತ್ತವೆ. ಮದುವೆಯಲ್ಲಿ ಸರಿಯಾಗಿ ಮಾತನಾಡಿಸಲಿಲ್ಲವೆಂದು ಅತ್ತಿಗೆಯ ಮೇಲೆ, ಕರೆಯೋಲೆಯಲ್ಲಿ ಹೆಸರು ಬಿಟ್ಟರೆಂದು ಚಿಕ್ಕಪ್ಪನ ಮನೆಯವರ ಮೇಲೆ, ಆಸ್ತಿಯ ಪಾಲಿನ ವಿಷಯದಲ್ಲಿ ಒಡಹುಟ್ಟಿದವರ ಮೇಲೆ ಮುನಿಸು ಇಟ್ಟುಕೊಂಡು ಎರಡು ಪೆರ್ನಾಳ್ ಕಳೆದ ಮನೆಗಳು ಎಷ್ಟಿಲ್ಲ? ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡುವುದು ಮುಸ್ಲಿಮನಿಗೆ ಸಲ್ಲದು, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮ ಎಂಬ ಪ್ರವಾದಿವಚನ ನಮಗೆ ಗೊತ್ತು. ಗೊತ್ತಿರುವುದು ಬೇರೆ, ಫೋನ್ ಕೈಗೆತ್ತಿಕೊಳ್ಳುವುದು ಬೇರೆ.

ಒಂದು ಸ್ವಾರಸ್ಯ ಗಮನಿಸಿ. ಮಾತು ಕಟ್ಟುವುದಕ್ಕೂ ಮೇಕ್ ಅಪ್, ಸಂಬಂಧ ಕಟ್ಟುವುದಕ್ಕೂ ಮೇಕ್ ಅಪ್. ಇಬ್ಬರ ನಡುವೆ ಸಂಧಾನ ಮಾಡಿಸಲು ಒಳ್ಳೆಯ ಮಾತನ್ನು ಒಬ್ಬರಿಂದ ಒಬ್ಬರಿಗೆ ತಲುಪಿಸುವವನು ಸುಳ್ಳುಗಾರನಲ್ಲ ಎಂಬ ಆಶಯದ ಹದೀಸನ್ನು ಉಮ್ಮು ಕುಲ್ಸೂಮ್(ರ) ವರದಿ ಮಾಡಿದ್ದಾರೆ. ಅವಳು ನಿಮ್ಮನ್ನು ಹೀಗೆ ಬೈದಳು, ಹಾಗೆ ಬೈದಳು ಎಂದು ಮನೆಯಿಂದ ಮನೆಗೆ ಹೊತ್ತು ತರುವುದರ ಬದಲು, ಅವಳು ನಿಮ್ಮನ್ನು ನೆನಪಿಸಿಕೊಂಡಳು ಎಂದು ಹೇಳಿ ನೋಡಿ. ಎಷ್ಟೋ ಮುನಿಸುಗಳು ಅಷ್ಟಕ್ಕೇ ಕರಗುತ್ತವೆ.

ಬಾಟಲಿಯ ಮೇಲಿನ ಮೇಕ್ ಅಪ್

ಇದು ಜೋಪಾನವಾಗಿ ಓದಬೇಕಾದ ಭಾಗ. ಮಕ್ಕಳಿಗೆ ಕೊಡುವ ಕೆಲವು ಆ್ಯಂಟಿಬಯಾಟಿಕ್ ಔಷಧಿಗಳು ಬಾಟಲಿಯಲ್ಲಿ ಪುಡಿಯ ರೂಪದಲ್ಲಿ ಬರುತ್ತವೆ. ಕುದಿಸಿ ಆರಿಸಿದ ನೀರು ಸೇರಿಸಿ ಅದನ್ನು ಸಿರಪ್ ಮಾಡಿಕೊಳ್ಳಬೇಕು. ಅಂಥ ಬಾಟಲಿಯ ಮೇಲೆ ‘ಮೇಕ್ ಅಪ್ ದ ವಾಲ್ಯೂಮ್ ಟು ದ ಮಾರ್ಕ್’ ಎಂಬಂಥ ಸೂಚನೆ ಇರಬಹುದು. ಇಲ್ಲಿ ಮೇಕ್ ಅಪ್ ಎಂದರೆ ಅಳತೆ ಭರ್ತಿ ಮಾಡು ಎಂದು. ಬಾಟಲಿಯ ಮೇಲೆ ಗೆರೆಯೋ ಬಾಣದ ಗುರುತೋ ಇರುತ್ತದೆ. ಮೊದಲು ಸ್ವಲ್ಪ ನೀರು ಹಾಕಿ ಚೆನ್ನಾಗಿ ಅಲುಗಾಡಿಸಬೇಕು. ಪುಡಿ ಕರಗಿ ನೊರೆ ಇಳಿದ ಮೇಲೆ ಮಟ್ಟ ಕೆಳಗೆ ಬಂದಿರುತ್ತದೆ. ಆಗ ಗುರುತಿನವರೆಗೆ ಬರುವಂತೆ ಇನ್ನಷ್ಟು ನೀರು ಸೇರಿಸಬೇಕು. ಹೀಗೆ ಕಡಿಮೆ ಬಿದ್ದುದನ್ನು ತುಂಬಿಸುವುದೇ ಮೇಕ್ ಅಪ್.

ನೀರು ಹೆಚ್ಚಾದರೆ ಪ್ರತಿ ಚಮಚದಲ್ಲಿ ಔಷಧಿ ಕಡಿಮೆಯಾಗುತ್ತದೆ. ನೀರು ಕಡಿಮೆಯಾದರೆ ಮಗುವಿನ ಹೊಟ್ಟೆಗೆ ಔಷಧಿ ಹೆಚ್ಚು ಹೋಗುತ್ತದೆ. ಎರಡೂ ಒಳ್ಳೆಯದಲ್ಲ. ಅನುಮಾನವಿದ್ದರೆ ಔಷಧಿ ಅಂಗಡಿಯವರಿಂದಲೇ ಬೆರೆಸಿಕೊಡಲು ಹೇಳಿ. ಬೆರೆಸಿದ ಮೇಲೆ ಎಷ್ಟು ದಿನದೊಳಗೆ ಮುಗಿಸಬೇಕೆಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಗಲ್ಫ್‌ನಲ್ಲೋ ಬ್ರಿಟನ್‌ನಲ್ಲೋ ಇರುವ ಸೋದರಿಯರು ಶಿಶುಗಳ ಹಾಲಿನ ಪುಡಿಯ ಡಬ್ಬಿಯ ಮೇಲೆ ‘ಮೇಕಿಂಗ್ ಅಪ್ ಎ ಫೀಡ್’ ಎಂಬುದನ್ನು ಕಾಣಬಹುದು. ಪುಡಿಯನ್ನೂ ನೀರನ್ನೂ ಹೇಳಿದ ಅಳತೆಯಲ್ಲಿ ಬೆರೆಸಿ ಹಾಲು ಸಿದ್ಧಪಡಿಸುವುದು ಎಂದು ಇದರರ್ಥ. ತಾಯಿಯ ಹಾಲೇ ಶ್ರೇಷ್ಠ ಎಂಬುದರಲ್ಲಿ ಎರಡು ಮಾತಿಲ್ಲ. ಅನಿವಾರ್ಯವಾಗಿ ಪುಡಿ ಬಳಸಬೇಕಾದಲ್ಲಿ, ಉಳಿತಾಯಕ್ಕೆಂದು ನೀರು ಹೆಚ್ಚು ಹಾಕುವುದು ಕೂಸಿನ ಆಹಾರಕ್ಕೇ ಕತ್ತರಿ ಹಾಕಿದಂತೆ.

ಕೆಲವು ಸಣ್ಣ ಬಳಕೆಗಳು

‘ಮೇಡ್ ಅಪ್ ಆಫ್’ ಎಂದರೆ ಇಂತಿಂಥವುಗಳಿಂದ ಕೂಡಿದ್ದು. ‘ದ ಕುರ್‌ಆನ್ ಈಸ್ ಮೇಡ್ ಅಪ್ ಆಫ್ 114 ಸೂರಾಸ್’ ಎಂದರೆ ಕುರ್‌ಆನ್ 114 ಸೂರಾಗಳನ್ನು ಒಳಗೊಂಡಿದೆ. ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಇದು ಪದೇ ಪದೇ ಬರುತ್ತದೆ. ಅಲ್ಲಿ ‘ಆಫ್’ ಬಿಟ್ಟರೆ ಅರ್ಥವೇ ಕೆಡುತ್ತದೆ. ಯಾಕೆಂದರೆ ಬರೇ ‘ಮೇಡ್ ಅಪ್’ ಎಂದರೆ ಕಟ್ಟುಕಥೆ ಎಂದಾಗಿಬಿಡಬಹುದು.

‘ಮೇಕ್ ಅಪ್ ದ ಡಿಫರೆನ್ಸ್’ ಎಂದರೆ ಕಡಿಮೆ ಬಿದ್ದ ಹಣವನ್ನು ಸೇರಿಸಿ ಭರ್ತಿ ಮಾಡುವುದು. ಶಾಲೆಯ ಫೀಸಿಗೆ 500 ರೂಪಾಯಿ ಕಡಿಮೆ ಬಿದ್ದಾಗ ಅಕ್ಕ ಕೊಟ್ಟರೆ ‘ಮೈ ಸಿಸ್ಟರ್ ಮೇಡ್ ಅಪ್ ದ ಡಿಫರೆನ್ಸ್’. ‘ಮೇಕ್ ಅಪ್ ಎ ಬೆಡ್’ ಎಂದರೆ ಬಂದ ಅತಿಥಿಗೆ ಹಾಸಿಗೆ ಸಿದ್ಧಪಡಿಸುವುದು.

ಗುರುತಿಸುವುದು ಹೇಗೆ?

ಇಷ್ಟೊಂದು ಅರ್ಥಗಳಲ್ಲಿ ಯಾವುದು ಎಲ್ಲಿ ಎಂದು ತಿಳಿಯುವುದು ಹೇಗೆ? ಪಕ್ಕದಲ್ಲಿರುವ ಪದವನ್ನು ನೋಡಿ.

ಪಕ್ಕದಲ್ಲಿ ಫೇಸ್, ಐಸ್ ಮುಂತಾದ ಅಂಗಗಳ ಹೆಸರಿದ್ದರೆ ಅಲಂಕಾರ.
ಸ್ಟೋರಿ, ಎಕ್ಸ್‌ಕ್ಯೂಸ್, ನ್ಯೂಸ್ ಇದ್ದರೆ ಕಟ್ಟುವುದು.
ಮೈಂಡ್ ಇದ್ದರೆ ನಿರ್ಧಾರ.
ಟೆಸ್ಟ್, ಕ್ಲಾಸ್, ಫಾಸ್ಟ್, ಟೈಮ್ ಇದ್ದರೆ ಬಾಕಿ ತೀರಿಸುವುದು.
ಫಾರ್ ಇದ್ದರೆ ಸರಿದೂಗಿಸುವುದು.
ವಿತ್ ಎಂಬುದರ ಮುಂದೆ ವ್ಯಕ್ತಿಯ ಹೆಸರಿದ್ದರೆ ರಾಜಿ.
ಆಫ್ ಇದ್ದರೆ ಕೂಡಿದ್ದು.
ವಾಲ್ಯೂಮ್, ಡಿಫರೆನ್ಸ್ ಇದ್ದರೆ ಭರ್ತಿ ಮಾಡುವುದು.

ಮಾತನಾಡುವಾಗ ಎರಡು ವಿಷಯ ನೆನಪಿಡಿ. ‘ಅದನ್ನು’ ಎಂಬ ಅರ್ಥದ ‘ಇಟ್’, ‘ಅವನ್ನು’ ಎಂಬ ಅರ್ಥದ ‘ದೆಮ್’ ಬಂದಾಗ ಅವು ಎರಡು ಪದಗಳ ನಡುವೆ ಕೂರುತ್ತವೆ. ‘ಮೇಕ್ ಇಟ್ ಅಪ್’, ‘ಮೇಕ್ ದೆಮ್ ಅಪ್’ ಎನ್ನಬೇಕು. ‘ಮೇಕ್ ಅಪ್ ಇಟ್’ ಎಂದರೆ ತಪ್ಪು. ಎರಡನೆಯದು ಉಚ್ಚಾರ. ಮುಖದ ಮೇಕಪ್ ಒಂದೇ ಪದವಾಗಿ, ‘ಮೇ’ ಮೇಲೆ ಒತ್ತು ಬೀಳುವಂತೆ ಬರುತ್ತದೆ. ಕ್ರಿಯಾಪದವಾದಾಗ ಎರಡು ಪದವಾಗಿ, ‘ಅಪ್’ ಮೇಲೆ ಒತ್ತು ಬೀಳುತ್ತದೆ. ಬರೆಯುವಾಗಲೂ ಹಾಗೆಯೇ, ಕ್ರಿಯಾಪದವನ್ನು ಬಿಡಿಸಿ ಬರೆಯಬೇಕು.

ನೀವೇ ಪರೀಕ್ಷಿಸಿಕೊಳ್ಳಿ

ಕೆಳಗಿನ ವಾಕ್ಯಗಳ ಅರ್ಥವನ್ನು ಉತ್ತರ ನೋಡದೆ ಹೇಳಿ ನೋಡಿ.

1. ಷಿ ಹ್ಯಾಸ್ ಫೋರ್ ಫಾಸ್ಟ್ಸ್ ಟು ಮೇಕ್ ಅಪ್.
2. ದ ಸಿಸ್ಟರ್ಸ್ ಮೇಡ್ ಅಪ್ ಬಿಫೋರ್ ಈದ್.
3. ಹಿ ಮೇಡ್ ಅಪ್ ಆ್ಯನ್ ಎಕ್ಸ್‌ಕ್ಯೂಸ್.
4. ದ ಕಮಿಟಿ ಈಸ್ ಮೇಡ್ ಅಪ್ ಆಫ್ ನೈನ್ ಪೇರೆಂಟ್ಸ್.
5. ಲೆಟ್ ಹರ್ ಮೇಕ್ ಅಪ್ ಹರ್ ಓನ್ ಮೈಂಡ್.

ಉತ್ತರ: 1. ಅವಳಿಗೆ ನಾಲ್ಕು ಉಪವಾಸಗಳ ಕಝಾ ಬಾಕಿಯಿದೆ. 2. ಅಕ್ಕತಂಗಿಯರು ಈದ್‌ಗೆ ಮೊದಲೇ ರಾಜಿಯಾದರು. 3. ಅವನು ಒಂದು ನೆಪ ಕಟ್ಟಿದ. 4. ಸಮಿತಿಯಲ್ಲಿ ಒಂಬತ್ತು ಮಂದಿ ಪೋಷಕರಿದ್ದಾರೆ. 5. ಅವಳ ನಿರ್ಧಾರವನ್ನು ಅವಳೇ ಮಾಡಲಿ.

ಐದರಲ್ಲಿ ಮೂರು ಸರಿಯಾದರೂ ನೀವು ಗೆದ್ದಿರಿ. ಇದೇ ರೀತಿ ವಾರಕ್ಕೊಂದು ಜೋಡಿಪದವನ್ನು ಆರಿಸಿಕೊಳ್ಳಿ. ಗಿವ್ ಅಪ್, ಲುಕ್ ಆಫ್ಟರ್, ಪುಟ್ ಆಫ್, ಟೇಕ್ ಕೇರ್ ಆಫ್ ಹೀಗೆ ಮಕ್ಕಳ ಡೈರಿಯಲ್ಲಿ, ಔಷಧಿಯ ಚೀಟಿಯಲ್ಲಿ, ಬ್ಯಾಂಕಿನ ಸಂದೇಶದಲ್ಲಿ ಕಂಡುಬಂದುದನ್ನೇ ತೆಗೆದುಕೊಳ್ಳಿ. ಅಡುಗೆಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟು, ಆ ವಾರವಿಡೀ ಮಕ್ಕಳೊಂದಿಗೆ ಅದನ್ನು ಬಳಸಿ. ತಪ್ಪಾದರೆ ಮಕ್ಕಳು ನಗಬಹುದು, ನಗಲಿ. ತಾಯಿ ಕಲಿಯುವುದನ್ನು ಕಂಡ ಮಕ್ಕಳು ತಾವೂ ಕಲಿಯುತ್ತಾರೆ.

ಪರಭಾಷೆ ಕಲಿಯುವುದು ನಮ್ಮ ಪರಂಪರೆಗೆ ಹೊರಗಿನದಲ್ಲ. ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕಾಗಿ ಅವರ ಬರಹವನ್ನು ಕಲಿಯುವಂತೆ ಪ್ರವಾದಿ(ಸ) ಝೈದ್ ಬಿನ್ ಸಾಬಿತ್(ರ) ಅವರಿಗೆ ಹೇಳಿದಾಗ, ಅವರು ಸುಮಾರು 15 ದಿನಗಳಲ್ಲಿ ಕಲಿತರೆಂದು ಹದೀಸ್ ಗ್ರಂಥಗಳಲ್ಲಿದೆ. ನಾವು ಅವರಷ್ಟು ಚುರುಕಲ್ಲದಿರಬಹುದು. ಆದರೆ ನಮಗೆ ಯಾರೂ 15 ದಿನದ ಗಡುವನ್ನೂ ಹಾಕಿಲ್ಲ.

ಕೊನೆಯದಾಗಿ ಒಂದು ಮಾತು. ‘ಮೇಕ್ ಅಪ್ ಫಾರ್ ಲಾಸ್ಟ್ ಟೈಮ್’ ಎಂಬ ಬಳಕೆ ಇಂಗ್ಲಿಷಿನಲ್ಲಿ ಬಹಳ ಸಾಮಾನ್ಯ. ಕಳೆದುಹೋದ ಸಮಯವನ್ನು ತುಂಬಿಕೊಳ್ಳುವುದು ಎಂದರ್ಥ. ತಮ್ಮನನ್ನು ನೋಡಿಕೊಳ್ಳಬೇಕೆಂದು, ಪ್ರೌಢಶಾಲೆ ದೂರವೆಂದು, ಮದುವೆ ಗೊತ್ತಾಯಿತೆಂದು ಅರ್ಧಕ್ಕೇ ಓದು ನಿಲ್ಲಿಸಿದವರು ನಮ್ಮಲ್ಲಿ ಬಹಳ ಮಂದಿ. ಅಂಥವರಿಗಾಗಿಯೇ ಕೇಂದ್ರ ಸರಕಾರ 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯನ್ನು ಸ್ಥಾಪಿಸಿತು. ಇಂದು ಅದರ ಹೆಸರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. ಅದರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಸೇರಲು 14 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮನೆಯಲ್ಲಿದ್ದುಕೊಂಡೇ ಪದವಿ ಓದಬಹುದು. ಮಗಳ ಜೊತೆ ಕೂತು ಓದಿದರೆ ಇಬ್ಬರಿಗೂ ಒಳ್ಳೆಯದು.

ತಪ್ಪಿಹೋದ ಉಪವಾಸದ ಲೆಕ್ಕವನ್ನು ನಾವು ಎಷ್ಟು ಜಾಗ್ರತೆಯಿಂದ ಇಡುತ್ತೇವೆ! ತಪ್ಪಿಹೋದ ಅಕ್ಷರದ ಲೆಕ್ಕವನ್ನೂ ಒಮ್ಮೆ ತೆಗೆದು ನೋಡೋಣ. ತೀರಿಸಲು ಸಮಯವಿನ್ನೂ ಇದೆ, ಇನ್‌ಶಾ ಅಲ್ಲಾಹ್.